ದೋಸೆ ಏಳದ ಕಾವಲಿಗೆ ಚಿಕಿತ್ಸೆ

“ಎಲ್ಲರ ಮನೆಯ ದೋಸೆ ತೂತಾದರೆ ನಮ್ಮ ಮನೆಯ ಕಾವಲಿಯೇ ತೂತು” ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಸಂಸಾರದ ಕಷ್ಟವನ್ನು ಹೇಳಿಕೊಳ್ಳಲು ಈ ಗಾದೆಯನ್ನು ಕಟ್ಟಿದ ಪುಣ್ಯಾತ್ಮರು ಅಡಿಗೆಮನೆಯ ನೂರೆಂಟು ಪಾತ್ರೆಗಳಲ್ಲಿ ಕಾವಲಿಯನ್ನೇ ಆರಿಸಿಕೊಂಡುದು ಸುಮ್ಮನೆ ಅಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಒಂದಿಷ್ಟು ನೀರು ಬೆರೆಸಿ ಮಾನ ಉಳಿಸಿಕೊಳ್ಳಬಹುದು. ಅನ್ನ ಮುದ್ದೆಯಾದರೆ ಮೊಸರು ಕಲಸಿ ಬಡಿಸಬಹುದು. ಆದರೆ ದೋಸೆ ಕಾವಲಿಗೆ ಕಚ್ಚಿಕೊಂಡಿತೆಂದರೆ ಮುಚ್ಚಿಡುವ ಉಪಾಯವೇ ಇಲ್ಲ. ಕಛೇರಿಗೆ ಹೊರಟ ಯಜಮಾನರು, ಶಾಲೆಗೆ ಹೊರಟ ಮಕ್ಕಳು, ಎಲ್ಲರೂ ತಟ್ಟೆಯ ಮುಂದೆ ಕುಳಿತಿರುವಾಗಲೇ ಅದು ಚಿಂದಿಯಾಗಿ ಹೊರಬೀಳುತ್ತದೆ. ಹಿಟ್ಟು ಹುಳಿ ಬಂದಿಲ್ಲವೆಂದು ಒಬ್ಬರು, ಉದ್ದು ಕಡಿಮೆಯಾಯಿತೆಂದು ಇನ್ನೊಬ್ಬರು ತೀರ್ಪು ಕೊಡುತ್ತಾರೆ. ಹತ್ತರಲ್ಲಿ ಎಂಟು ಸಲ ಅಪರಾಧಿ ಹಿಟ್ಟಲ್ಲ, ಕಾವಲಿ.

ನಮ್ಮ ನಗರಗಳ ಅನೇಕ ಮನೆಗಳಲ್ಲಿ ಅಜ್ಜಿಯ ಕಾಲದ ಬೀಡಿನ ಕಾವಲಿಯೊಂದು ಅಟ್ಟದ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಇನ್ನು ಎಷ್ಟೋ ಮನೆಗಳಲ್ಲಿ ಅದು ಅಟ್ಟದಲ್ಲಿಯೂ ಇಲ್ಲ. ಮನೆ ಬದಲಾಯಿಸುವಾಗ ಗುಜರಿಯವನ ತಕ್ಕಡಿಗೆ ಏರಿ, ಕಿಲೋ ಲೆಕ್ಕದಲ್ಲಿ ಹೋಗಿಯಾಯಿತು. ಅದರ ಜಾಗಕ್ಕೆ ಹಗುರವಾದ, ಕಪ್ಪು ಲೇಪದ ನಾನ್‌ಸ್ಟಿಕ್ ಕಾವಲಿ ಬಂದಿತು. ಮೊದಲ ವರ್ಷ ದೋಸೆ ತಾನಾಗಿಯೇ ಜಾರಿತು. ಎರಡನೆಯ ವರ್ಷ ನಡುಮಧ್ಯೆ ಬಿಳಿಯ ಗೀರುಗಳು ಕಾಣಿಸಿಕೊಂಡವು. ಮೂರನೆಯ ವರ್ಷ ಮತ್ತೊಂದನ್ನು ಕೊಳ್ಳಬೇಕಾಯಿತು. ಹೀಗೆ ಎರಡು ಮೂರು ಸುತ್ತು ಹಾಕಿದ ಮೇಲೆ ಈಗ ಬಹಳ ಮಂದಿಗೆ ಬೀಡಿನ ಮೇಲೆ ಮತ್ತೆ ಮಮತೆ ಹುಟ್ಟಿದೆ. ಅಂಗಡಿಗಳಲ್ಲಿ ಬೀಡಿನ ಕಾವಲಿ, ಬಾಣಲೆ, ಪಡ್ಡಿನ ಹಂಚುಗಳು ಮರಳಿ ಬಂದಿವೆ. ಬೆಲೆಯೂ ಗುಜರಿಯ ಬೆಲೆಯಲ್ಲ. ಆದರೆ ತಂದ ದಿನವೇ ದೋಸೆ ಹುಯ್ಯುತ್ತಾರೆ, ಅದು ಕಚ್ಚಿಕೊಳ್ಳುತ್ತದೆ, ಕಾವಲಿ ನೇರವಾಗಿ ಅಟ್ಟಕ್ಕೆ ಹೋಗುತ್ತದೆ.

ಹೊಸ ಕಾವಲಿಗಾಗಲಿ, ತುಕ್ಕು ಹಿಡಿದ ಹಳೆಯ ಕಾವಲಿಗಾಗಲಿ ಬೇಕಾದುದು ಒಂದೇ. ಅದನ್ನು ಪಳಗಿಸಬೇಕು. ನಮ್ಮ ಹಿರಿಯರು ಆನೆಗೂ ಕುದುರೆಗೂ ಬಳಸುವ ಮಾತನ್ನೇ ಕಾವಲಿಗೂ ಬಳಸಿದುದನ್ನು ವಾಚಕರು ಗಮನಿಸಬೇಕು. ಒಂದೇ ದಿನದಲ್ಲಿ ಮುಗಿಯುವ ಕೆಲಸ ಅದಲ್ಲ; ಆದರೆ ಒಮ್ಮೆ ಪಳಗಿದ ಮೇಲೆ ಮನೆಯವರ ಮಾತು ಕೇಳುತ್ತದೆ.

ಬೀಡಿನ ಗುಣ

ಕಬ್ಬಿಣದ ಪಾತ್ರೆಗಳೆಲ್ಲ ಒಂದೇ ಜಾತಿಯವಲ್ಲ. ಕಮ್ಮಾರನು ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡುವ ಮೆದುಕಬ್ಬಿಣದಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಬೀಡಿನಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಪಾಲಿನಷ್ಟು ಇಂಗಾಲ ಬೆರೆತಿರುತ್ತದೆ, ಒಂದಿಷ್ಟು ಸಿಲಿಕಾನ್ ಸಹ ಉಂಟು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಇಂಗಾಲ ಸೇರಿದ ಬೀಡು 1150ರಿಂದ 1200 ಡಿಗ್ರಿಗಳ ಆಸುಪಾಸಿನಲ್ಲಿಯೇ ನೀರಾಗುತ್ತದೆ. ಆದುದರಿಂದಲೇ ಅದನ್ನು ಅಚ್ಚಿನಲ್ಲಿ ಎರಕ ಹೊಯ್ಯುವುದು ಸುಲಭ. ಚೀನೀಯರು ಈ ವಿದ್ಯೆಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಅರಿತಿದ್ದರು. ಇಂಗ್ಲೆಂಡಿನಲ್ಲಿ ಏಬ್ರಹಾಂ ಡಾರ್ಬಿ ಎಂಬಾತನು ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆಗಳನ್ನು ಎರೆಯುವ ಕ್ರಮಕ್ಕೆ 1707ರಲ್ಲಿ ಸನ್ನದು ಪಡೆದನು; ಬಡವರ ಒಲೆಯ ಮೇಲೆ ಕಬ್ಬಿಣದ ಗಡಿಗೆ ಏರಿದುದು ಅಂಥವರ ಉದ್ಯಮದಿಂದ. ನಮ್ಮ ನಾಡಿನಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರಲ್ಲಿ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಲು. ಇವೆರಡರ ಬಲದಿಂದ ಅಲ್ಲಿ ಬೀಡುಕಬ್ಬಿಣ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆ ಕಾರ್ಖಾನೆಗಾಗಿ ಪಟ್ಟ ಶ್ರಮ ಬೇರೆಯೇ ಒಂದು ಕಥೆ.

ಬೀಡಿನ ಗುಣವೂ ದೋಷವೂ ಈ ಹುಟ್ಟಿನಿಂದಲೇ ಬಂದವು. ಮರಳಿನ ಅಚ್ಚಿನಲ್ಲಿ ಹುಟ್ಟಿದ ಕಾವಲಿಯ ಮೈಮೇಲೆ ಮರಳಿನ ಕಣಗಳ ಗುರುತು ಉಳಿಯುತ್ತದೆ. ಕಿತ್ತಳೆಯ ಸಿಪ್ಪೆಯನ್ನು ಮುಟ್ಟಿದಂತೆ ಬೆರಳಿಗೆ ತರಿತರಿಯಾಗಿ ಹತ್ತುವುದು ಅದೇ. ಇಂಗಾಲ ಹೆಚ್ಚಾದುದರಿಂದ ಬೀಡು ಗಡುಸು, ಆದರೆ ಪೆಡಸು. ಕೈತಪ್ಪಿ ಕಲ್ಲುನೆಲದ ಮೇಲೆ ಬಿದ್ದರೆ ಬಾಗುವುದಿಲ್ಲ, ಬಿರಿಯುತ್ತದೆ. ಕಾದಿರುವಾಗ ತಣ್ಣೀರನ್ನು ಒಮ್ಮೆಲೇ ಸುರಿದರೂ ಅದೇ ಗತಿ.

ಇನ್ನು ಶಾಖದ ವಿಚಾರ. ಬೀಡು ಬೇಗ ಕಾಯುತ್ತದೆಂಬುದು ತಪ್ಪು ತಿಳುವಳಿಕೆ. ಅಲ್ಯೂಮಿನಿಯಂ ಶಾಖವನ್ನು ಹರಡುವ ವೇಗದಲ್ಲಿ ನಾಲ್ಕನೆಯ ಒಂದು ಪಾಲೂ ಬೀಡಿಗಿಲ್ಲ. ಆದರೆ ಒಂದೇ ದಪ್ಪದ ಎರಡು ಕಾವಲಿಗಳನ್ನು ತೆಗೆದುಕೊಂಡರೆ ಹೆಚ್ಚು ಶಾಖವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಬೀಡು. ತಣ್ಣನೆಯ ಹಿಟ್ಟನ್ನು ಹುಯ್ದಾಗ ತೆಳುವಾದ ಕಾವಲಿ ಸಟ್ಟನೆ ಆರಿಹೋಗುತ್ತದೆ; ಬೀಡಿನ ಕಾವಲಿ ಅಳುಕುವುದಿಲ್ಲ. ಮನೆಮಂದಿಗೆಲ್ಲ ಒಂದರ ಹಿಂದೊಂದರಂತೆ ಹುಯ್ದ ಇಪ್ಪತ್ತನೆಯ ದೋಸೆಯೂ ಎರಡನೆಯ ದೋಸೆಯಂತೆಯೇ ಕೆಂಪಗೆ ಗರಿಯಾಗಿ ಬರುವುದು ಇದರಿಂದ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ “ಮಾನಸೋಲ್ಲಾಸ”ದಲ್ಲಿ ದೋಸೆಯ ಪೂರ್ವಜನ ಪ್ರಸ್ತಾಪವಿದೆ. ಅಂದಿನಿಂದ ಇಂದಿನವರೆಗೆ ಹಿಟ್ಟು ಬದಲಾಯಿತು, ಒಲೆ ಬದಲಾಯಿತು. ಬಿಸಿ ತಳಕ್ಕೂ ಹಸಿ ಹಿಟ್ಟಿಗೂ ನಡೆಯುವ ಕದನ ಮಾತ್ರ ಬದಲಾಗಿಲ್ಲ.

ಆ ಕದನದಲ್ಲಿ ನಡುವೆ ನಿಂತು ಸಂಧಾನ ಮಾಡುವುದು ಎಣ್ಣೆಯ ಹೊದಿಕೆ. ಬಾಗಿಲು ಕಿಟಕಿಗಳಿಗೆ ಅಗಸೆ ಎಣ್ಣೆ ಬಳಿಯುವ ಬಡಗಿಯನ್ನು ಕೇಳಿ ನೋಡಿ. ಬಳಿದ ಎಣ್ಣೆ ಕೆಲವು ದಿನಗಳಲ್ಲಿ ಆರಿ, ಅಂಟು ಹೋಗಿ, ಗಾಜಿನಂತೆ ಗಟ್ಟಿಯಾಗುತ್ತದೆ ಎಂದು ಅವನು ಹೇಳುವನು. ನೀರು ಆರುವಂತೆ ಅದು ಆರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಎಣ್ಣೆಯ ಅಣುಗಳು ಒಂದಕ್ಕೊಂದು ಕೈಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಕಾವಲಿಯನ್ನು ಪಳಗಿಸುವಾಗ ನಡೆಯುವುದೂ ಇದೇ ಕ್ರಿಯೆ. ಬಾಗಿಲಿನ ಮೇಲೆ ವಾರಗಟ್ಟಲೆ ಹಿಡಿಯುವುದು ಬಿಸಿಯ ಮೇಲೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹಳೆಯ ಕಾವಲಿಯ ಆ ಕಾಡಿಗೆಯ ಹೊಳಪು ಮಸಿಯಲ್ಲ, ಕೊಳೆಯಲ್ಲ. ವರ್ಷಗಟ್ಟಲೆಯ ಎಣ್ಣೆ ಪದರಪದರವಾಗಿ ಕಲ್ಲಾಗಿ ಕೂತಿರುವುದು. ಇದನ್ನರಿಯದೆ ಅದನ್ನು ತಿಕ್ಕಿ ತಿಕ್ಕಿ “ಬೆಳಗಿಸಿ”ದವರು ಅಜ್ಜಿಯ ಮೂವತ್ತು ವರ್ಷಗಳ ದುಡಿಮೆಯನ್ನು ಬಚ್ಚಲಿಗೆ ಹರಿಸಿದಂತಾಯಿತು.

ಕೊಳ್ಳುವಾಗ

ಹೊಸ ಕಾವಲಿಯನ್ನು ಕೊಳ್ಳುವವರು ಅದನ್ನು ಹಿಡಿಯಿಂದ ತೂಗುಬಿಟ್ಟು, ಬೆರಳಗಂಟಿನಿಂದಲೋ ಮರದ ಸೌಟಿನಿಂದಲೋ ಒಮ್ಮೆ ತಟ್ಟಿ ನೋಡಬೇಕು. ಗಂಟೆಯಂತೆ ನಾದ ಬಂದರೆ ಮೈ ಅಖಂಡವಾಗಿದೆ ಎಂದರ್ಥ. ಬೊದ್ದನೆಯ ಸದ್ದು ಬಂದರೆ ಎಲ್ಲಿಯೋ ಕಣ್ಣಿಗೆ ಕಾಣದ ಬಿರುಕುಂಟು. ಮಡಕೆ ಕೊಳ್ಳುವಾಗ ನಮ್ಮ ತಾಯಂದಿರು ಮಾಡುತ್ತಿದ್ದುದೂ ಇದನ್ನೇ. ಅನಂತರ ಸಮನಾದ ನೆಲದ ಮೇಲಿಟ್ಟು ಓಲಾಡುತ್ತದೆಯೇ ನೋಡಬೇಕು. ಕೆಲವು ಕಾವಲಿಗಳನ್ನು ಎರಕದ ಮೇಲೆ ಯಂತ್ರದಲ್ಲಿ ಕಡೆದು ನುಣುಪು ಮಾಡಿರುತ್ತಾರೆ. ನಡುವಿನಿಂದ ಅಂಚಿನವರೆಗೆ ಸುತ್ತುಸುತ್ತಾದ ಸಣ್ಣ ಗೆರೆಗಳಿಂದ ಅವನ್ನು ಗುರುತಿಸಬಹುದು. ಅಂಥದು ಸಿಕ್ಕರೆ ಅರ್ಧ ಶ್ರಮ ಉಳಿಯಿತು. ಕಪ್ಪು ಬಣ್ಣ ಬಳಿದು ಮಿರುಗುವುದನ್ನು ಮಾತ್ರ ಕೊಳ್ಳಬಾರದು.

ಗುಜರಿಯಿಂದಲೋ ಸಂತೆಯಿಂದಲೋ ಪೂರ್ವಚರಿತ್ರೆ ತಿಳಿಯದ ಹಳೆಯ ಬಾಣಲೆಯನ್ನು ತರುವವರಿಗೆ ಒಂದು ಎಚ್ಚರಿಕೆ. ಬೀಡಿನ ಬಾಣಲೆಗಳಲ್ಲಿ ಸೀಸ ಕರಗಿಸುವವರುಂಟು. ಬಲೆಯ ಗುಂಡುಗಳಿಗೆ, ಬೆಸುಗೆಗೆ ಸೀಸ ಕರಗಿಸಿದ ಪಾತ್ರೆಯನ್ನು ಎಷ್ಟು ತಿಕ್ಕಿದರೂ ಅಡಿಗೆಗೆ ಬಳಸಲಾಗದು. ಬೂದುಬಣ್ಣದ ಮೆದುವಾದ ಲೋಹದ ಹನಿಗಳು ಅಂಟಿರುವುದು ಕಂಡರೆ, ಅಥವಾ ಸುಮ್ಮನೆ ಮನಸ್ಸಿಗೆ ಸಂಶಯ ಬಂದರೂ, ಅದನ್ನು ಹೂವಿನ ಕುಂಡವಾಗಿ ಮಾಡಿಕೊಳ್ಳುವುದು ಲೇಸು. ಸ್ವಂತ ಅಟ್ಟದಿಂದ ಇಳಿದುಬಂದ ಕಾವಲಿಗೆ ಈ ಭಯವಿಲ್ಲ.

ತುಕ್ಕು, ಕಿಟ್ಟ, ತರಿ

ತುಕ್ಕು ಎಷ್ಟೇ ಕೆಂಪಗಿರಲಿ, ಹೆದರಬೇಕಾದುದಿಲ್ಲ. ಬೀಡಿನ ಕಾವಲಿ ದಪ್ಪ. ತುಕ್ಕು ತಿನ್ನುವುದು ಮೇಲಿನ ಚರ್ಮವನ್ನು ಮಾತ್ರ. ಹುಣಿಸೆಹಣ್ಣಿನ ಗಟ್ಟಿ ರಸವನ್ನು ಬಳಿದು ಅರ್ಧ ಗಂಟೆ ಬಿಟ್ಟು, ತೆಂಗಿನ ನಾರಿಗೆ ಇಟ್ಟಿಗೆಯ ಪುಡಿ ಸೇರಿಸಿ ತಿಕ್ಕಿದರೆ ಸಾಧಾರಣ ತುಕ್ಕೆಲ್ಲ ಹೋಗುತ್ತದೆ. ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುವುದೇ ಇದರ ಮರ್ಮ. ವಿನಿಗರ್ ಮತ್ತು ನೀರನ್ನು ಸಮಪಾಲು ಬೆರೆಸಿ ಅದರಲ್ಲಿ ನೆನೆಸಿಡುವುದೂ ಉಂಟು. ಆದರೆ ಆಗಾಗ ತೆಗೆದು ನೋಡುತ್ತಿರಬೇಕು. ತುಕ್ಕನ್ನು ತಿಂದು ಮುಗಿಸಿದ ಆಮ್ಲ ಕಬ್ಬಿಣಕ್ಕೇ ಬಾಯಿ ಹಾಕುತ್ತದೆ. ರಾತ್ರಿಯೆಲ್ಲ ನೆನೆಹಾಕಿ ಮರೆತು ಮಲಗಕೂಡದು.

ತುಕ್ಕಿಗಿಂತ ಹಟಮಾರಿಯಾದುದು ಕಿಟ್ಟ. ಕಾವಲಿಯ ಅಂಚಿನಲ್ಲಿಯೂ ಹಿಂಬದಿಯಲ್ಲಿಯೂ ಸುಟ್ಟ ಎಣ್ಣೆ ಗಂಟುಗಂಟಾಗಿ ಕಟ್ಟಿರುತ್ತದೆ. ಬಟ್ಟೆಯ ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಅದು ಮೆದುವಾಗುತ್ತದೆ, ಆಮೇಲೆ ಹೆರೆಯಬಹುದು. ಇದಕ್ಕೆ ಬದಲಾಗಿ ಕಾವಲಿಯನ್ನು ಬಚ್ಚಲೊಲೆಯ ಬೆಂಕಿಯೊಳಕ್ಕೇ ನೂಕಿ ಸುಟ್ಟುಬಿಡುವ ಪದ್ಧತಿ ಕೆಲವೆಡೆ ಇದೆ. ಕಿಟ್ಟ ಹೋಗುವುದೇನೋ ನಿಜ; ಆದರೆ ಕೆಂಪಗೆ ಕಾದ ಬೀಡು ಸೊಟ್ಟಗಾಗಬಹುದು, ಬಿರಿಯಬಹುದು; ಒಮ್ಮೆ ಹಾಗೆ ಬೆಂದ ಮೈ ಮುಂದೆ ಎಣ್ಣೆಯನ್ನು ಸರಿಯಾಗಿ ಹಿಡಿಯುವುದೂ ಇಲ್ಲ. ಐದು ನಿಮಿಷದ ಸುಲಭಕ್ಕಾಗಿ ಈ ಅಪಾಯ ಬೇಡ.

ಈಗ ನುಣುಪು ಮಾಡುವ ಕೆಲಸಕ್ಕೆ ಬರೋಣ. ಇದು ಅಡಿಗೆಯವರ ಕೆಲಸಕ್ಕಿಂತ ಬಡಗಿಯ ಕೆಲಸಕ್ಕೆ ಹತ್ತಿರ. ಆದುದರಿಂದ ಭಾನುವಾರ ಬೆಳಗ್ಗೆ ಪತ್ರಿಕೆ ಓದುತ್ತ ಕುಳಿತ ಗಂಡಸರಿಗೆ ಇದನ್ನು ವಹಿಸಲು ಯಾವ ಅಡ್ಡಿಯೂ ಇಲ್ಲ. ಬೇಕಾದ ಸಾಮಗ್ರಿ ಅಲ್ಪ. ನೀರಿನಲ್ಲಿ ನೆನೆದರೂ ಹರಿಯದ ಕಪ್ಪು ಮರಳುಕಾಗದ, ಅಂದರೆ ಬಡಗಿಗಳು ಉಪ್ಪುಕಾಗದವೆನ್ನುವ ಜಾತಿಯದು, ಮೂರು ಬಗೆಯವು ಬೇಕು: 60 ಅಥವಾ 80ರ ಅಂಕದ್ದು ಒರಟು, 120ರದು ಮಧ್ಯಮ, 220ರದು ನಯ. ಅಂಗೈಯಲ್ಲಿ ಹಿಡಿಯಲು ಬರುವ ಮರದ ತುಂಡೊಂದಕ್ಕೆ ಕಾಗದವನ್ನು ಸುತ್ತಿ, ಕಾವಲಿಯ ಮೇಲೆ ನೀರು ಚಿಮುಕಿಸಿ, ಒರಟಿನಿಂದ ಆರಂಭಿಸಿ ಸುತ್ತುಸುತ್ತಾಗಿ ಉಜ್ಜಬೇಕು. ನೀರು ಬೇಕೇಬೇಕು. ಒಣಗಿದ್ದಾಗ ಉಜ್ಜಿದರೆ ಏಳುವ ಕಬ್ಬಿಣದ ಹುಡಿಯೂ ಮರಳಿನ ಹುಡಿಯೂ ಶ್ವಾಸಕೋಶಕ್ಕೆ ಕೆಡುಕು. ಉಜ್ಜುತ್ತ ಹೋದಂತೆ ಕಪ್ಪು ಕೆಸರು ಹುಟ್ಟುತ್ತದೆ. ಅದನ್ನು ಒರಸಿ ನೋಡಿದರೆ ತರಿಗಳ ನೆತ್ತಿ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿರುವುದೂ ನಡುವಿನ ಕುಳಿಗಳು ಕಪ್ಪಾಗಿಯೇ ಇರುವುದೂ ಕಾಣುತ್ತದೆ. ಹೊಳಪಿನ ಭಾಗ ಹೆಚ್ಚುತ್ತ, ಕಪ್ಪು ಚುಕ್ಕೆಗಳು ಕಡಿಮೆಯಾಗುತ್ತ ಬರುವುದೇ ಕೆಲಸ ಸಾಗುತ್ತಿರುವ ಸೂಚನೆ.

ಕೈಯಿಂದ ಮಾಡಿದರೆ ಒರಟು ಕಾಗದಕ್ಕೇ ಒಂದು ಗಂಟೆಯ ಮೇಲೆ ಹಿಡಿದೀತು. ವಿದ್ಯುತ್ತಿನಿಂದ ತಿರುಗುವ ಉಜ್ಜುಯಂತ್ರವಿದ್ದರೆ ಬೇಗ ಮುಗಿಯುತ್ತದೆ. ಆದರೆ ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇಲ್ಲದೆ ಅದನ್ನು ಮುಟ್ಟಬಾರದು. ಒಂದೇ ಕಡೆ ಒತ್ತಿ ಹಿಡಿದರೆ ಅಲ್ಲಿ ಗುಂಡಿ ಬೀಳುತ್ತದೆ, ಮುಂದೆ ದೋಸೆಯ ಎಣ್ಣೆಯೆಲ್ಲ ಆ ಗುಂಡಿಯಲ್ಲಿಯೇ ನಿಲ್ಲುತ್ತದೆ. ನನ್ನ ಮಟ್ಟಿಗೆ ಕೈಗೆಲಸವೇ ಮೇಲು.

ಎಲ್ಲಿ ನಿಲ್ಲಿಸಬೇಕು? ಹತ್ತಿಯ ಒಂದು ಸಣ್ಣ ಉಂಡೆಯನ್ನು ಕಾವಲಿಯ ಮೇಲೆ ಎಳೆಯಿರಿ. ಎಳೆಗಳು ಸಿಕ್ಕಿಕೊಳ್ಳದೆ ಜಾರಿದರೆ ಸಾಕು. ಕನ್ನಡಿಯಂತೆ ಮುಖ ಕಾಣುವವರೆಗೆ ಉಜ್ಜಬೇಕೆಂಬ ಹಟ ಸಲ್ಲದು. ಅಷ್ಟು ನುಣುಪಾದ ಮೈಮೇಲೆ ಎಣ್ಣೆಯ ಹೊದಿಕೆಗೆ ಹಿಡಿದುಕೊಳ್ಳಲು ಆಧಾರವೇ ಇಲ್ಲದೆ ಸಿಪ್ಪೆಯಂತೆ ಏಳುವುದುಂಟು. ಹಾಗೆ ನೋಡಿದರೆ ಉಜ್ಜುವುದು ಅನಿವಾರ್ಯವೂ ಅಲ್ಲ. ತರಿತರಿಯಾದ ಕಾವಲಿಯೂ ಪಳಗುತ್ತದೆ. ನಿತ್ಯ ದೋಸೆ ಹುಯ್ದು, ನೇರ ಅಂಚಿನ ಕಬ್ಬಿಣದ ಮಗುಚುವ ಕೈಯಿಂದ ಎಬ್ಬಿಸುತ್ತಿದ್ದರೆ ತರಿಗಳು ಸವೆದು, ಕುಳಿಗಳು ಎಣ್ಣೆಯಿಂದ ತುಂಬಿ, ಐದಾರು ವರ್ಷಗಳಲ್ಲಿ ತಾನಾಗಿಯೇ ನುಣುಪಾಗುತ್ತದೆ. ಅಜ್ಜಿಯ ಕಾವಲಿಯನ್ನು ಯಾರೂ ಮರಳುಕಾಗದದಿಂದ ಉಜ್ಜಿರಲಿಲ್ಲ. ಆದರೆ ಐದಾರು ವರ್ಷ ಹರಿದ ದೋಸೆ ತಿನ್ನುವ ತಾಳ್ಮೆ ಇಂದಿನ ಮನೆಗಳಲ್ಲಿ ಎಷ್ಟು ಮಂದಿಗಿದೆ?

ಎಣ್ಣೆಯ ಹೊದಿಕೆ

ಉಜ್ಜಿ ಮುಗಿದೊಡನೆ ಬಿಸಿನೀರಿನಿಂದಲೂ ಸಾಬೂನಿನಿಂದಲೂ ಕೆಸರೆಲ್ಲ ಹೋಗುವಂತೆ ತೊಳೆದು, ಕೂಡಲೇ ಒಲೆಯ ಮೇಲಿಟ್ಟು ಒಣಗಿಸಬೇಕು. ಬರಿಯ ಕಬ್ಬಿಣ ಕೂಸಿನಂತೆ. ತೊಳೆದು ಪಕ್ಕಕ್ಕಿಟ್ಟು ಪಕ್ಕದ ಮನೆಯವರೊಡನೆ ಎರಡು ಮಾತಾಡಿ ಬರುವಷ್ಟರಲ್ಲಿ ಕೆಂಬಣ್ಣಕ್ಕೆ ತಿರುಗಿರುತ್ತದೆ.

ದಕ್ಷಿಣದ ಮನೆಗಳಲ್ಲಿ ಹೊಸ ಕಾವಲಿಯನ್ನು ಅಕ್ಕಿ ತೊಳೆದ ನೀರಿನಲ್ಲಿಯೋ ಗಂಜಿಯಲ್ಲಿಯೋ ಎರಡು ಮೂರು ದಿನ ನೆನೆಸಿ, ಪ್ರತಿದಿನವೂ ನೀರು ಬದಲಾಯಿಸಿ ತಿಕ್ಕುವ ರೂಢಿಯಿದೆ. ಹುಳಿತ ಗಂಜಿಯ ಮಂದವಾದ ಆಮ್ಲ ಎರಕದ ಮನೆಯಿಂದ ಬಂದ ಹುಡಿಯನ್ನೂ ತುಕ್ಕನ್ನೂ ಬಿಡಿಸುತ್ತದೆ. ಉಜ್ಜದೆ ಬಳಸುವವರಿಗೆ ಇದು ಒಳ್ಳೆಯ ಕ್ರಮ. ಮರಳುಕಾಗದದಿಂದ ಉಜ್ಜಿದವರಿಗೆ ಇದರ ಅಗತ್ಯವಿಲ್ಲ.

ಯಾವ ಎಣ್ಣೆ ಬಳಸಬೇಕೆಂಬುದು ಪ್ರತಿಯೊಂದು ಮನೆಯಲ್ಲಿಯೂ ವಾದಕ್ಕೆ ಎಡೆಕೊಡುವ ಪ್ರಶ್ನೆ. ರಸಾಯನಶಾಸ್ತ್ರಜ್ಞರು ಎಣ್ಣೆ ಎಷ್ಟು ಬೇಗ ಗಟ್ಟಿಯಾಗಬಲ್ಲುದೆಂಬುದನ್ನು ಅದರ ಅಯೊಡಿನ್ ಅಂಕದಿಂದ ಅಳೆಯುತ್ತಾರೆ. ನೂರು ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೊಡಿನನ್ನು ಹೀರಬಲ್ಲುದೋ ಅದೇ ಆ ಅಂಕ. ಅಗಸೆ ಎಣ್ಣೆಯದು 170ಕ್ಕೂ ಮೇಲೆ. ಕುಸುಬೆ ಎಣ್ಣೆಯದು 140ರ ಆಸುಪಾಸು. ಎಳ್ಳೆಣ್ಣೆ 100ರಿಂದ 120ರೊಳಗೆ, ಕಡಲೆಕಾಯಿ ಎಣ್ಣೆ 90ರ ಸಮೀಪ. ಕೊಬ್ಬರಿ ಎಣ್ಣೆಯದು ಹತ್ತರ ಸುತ್ತಮುತ್ತ ಮಾತ್ರ! ಕೊಬ್ಬರಿ ಎಣ್ಣೆ ಬಳಿದು ಎಷ್ಟು ಕಾಯಿಸಿದರೂ ಹೊದಿಕೆ ಗಟ್ಟಿಯಾಗದೆ ಹೊಗೆಯಾಗಿ ಹೋಗುವುದು ಏಕೆಂಬುದಕ್ಕೆ ಇಲ್ಲಿ ಉತ್ತರವಿದೆ. ಹಾಗಾದರೆ ಅಗಸೆಯೇ ಶ್ರೇಷ್ಠವೆಂದು ತೀರ್ಮಾನಿಸಬಹುದಲ್ಲವೆ? ಅದರ ಹೊದಿಕೆ ಗಡುಸಾದರೂ ಪೆಡಸು. ಕೆಲವು ತಿಂಗಳಲ್ಲಿ ಚಕ್ಕೆಯೇಳುವುದೆಂಬ ದೂರು ಬಳಸಿದವರಿಂದ ಬಹಳ ಕೇಳಿಬರುತ್ತದೆ. ವಿಜಯಪುರ, ಕಲಬುರಗಿಗಳ ಕಡೆಯ ಕುಸುಬೆ ಎಣ್ಣೆ ಸಿಕ್ಕುವವರಿಗೆ ಅದಕ್ಕಿಂತ ಒಳ್ಳೆಯದು ಬೇಡ. ಸಿಕ್ಕದವರು ಸೂರ್ಯಕಾಂತಿಯನ್ನೋ ಕಡಲೆಕಾಯಿಯನ್ನೋ ಬಳಸಬಹುದು. ಹರಳೆಣ್ಣೆ ಆರುವ ಜಾತಿಯದಲ್ಲ. ಕಾವಲಿಯನ್ನು ಬಹುಕಾಲ ಎತ್ತಿಡುವಾಗ ತುಕ್ಕು ತಡೆಯಲು ಮಾತ್ರ ಅದು ಉತ್ತಮ.

ಎಣ್ಣೆ ಯಾವುದಾದರೂ ಆಗಲಿ, ಸೋಲುಗೆಲುವು ಇರುವುದು ಪ್ರಮಾಣದಲ್ಲಿ. ಬೆಚ್ಚಗಾದ ಕಾವಲಿಗೆ ಅರ್ಧ ಚಮಚ ಎಣ್ಣೆ ಹಾಕಿ ಮುಂದೆ, ಹಿಂದೆ, ಹಿಡಿಗೆ ಸಹ ಬಟ್ಟೆಯಿಂದ ಹಚ್ಚಬೇಕು. ಅನಂತರ ಒಣಗಿದ ಬೇರೊಂದು ಬಟ್ಟೆಯಿಂದ ಹಚ್ಚಿದುದನ್ನೆಲ್ಲ ಒರಸಿ ತೆಗೆಯಬೇಕು. ಕಣ್ಣಿಗೆ ಎಣ್ಣೆಯೇ ಕಾಣದಷ್ಟು ಒರಸಿದರೂ ಬೇಕಾದಷ್ಟು ಉಳಿದಿರುತ್ತದೆ. “ಇಷ್ಟೇ ಎಣ್ಣೆಯೇ?” ಎಂದು ಮನಸ್ಸು ಮರುಗಿ ಧಾರಾಳವಾಗಿ ಬಿಟ್ಟವರ ಕಾವಲಿ ಬೆಲ್ಲದ ಪಾಕ ಹಚ್ಚಿದಂತೆ ಅಂಟಂಟಾಗುತ್ತದೆ. ದಪ್ಪನೆಯ ಪದರದ ಒಳಗೆ ಗಾಳಿ ಸೇರದೆ ಅದು ಅರೆಬೆಂದು ನಿಲ್ಲುವುದೇ ಇದಕ್ಕೆ ಕಾರಣ. ಹಾಗಾದರೆ ಗಾಬರಿ ಬೇಡ. ಮತ್ತೆ ಒಂದು ಗಂಟೆ ಕಾಯಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಮನೆಯಲ್ಲಿ ಒವನ್ ಇದ್ದರೆ ಕಾವಲಿಯನ್ನು ಬೋರಲಾಗಿಟ್ಟು 230ರಿಂದ 250 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಕಾಯಿಸಿ, ಒಳಗೇ ಆರಲು ಬಿಡಬೇಕು. ಮರದ ಹಿಡಿಯಿದ್ದರೆ ಮೊದಲು ಬಿಚ್ಚಿಡಬೇಕು. ಗ್ಯಾಸ್ ಒಲೆಯ ಮೇಲಾದರೆ ಸಣ್ಣ ಉರಿಯಿಂದ ಆರಂಭಿಸಿ, ತೆಳುವಾದ ಹೊಗೆಯೇಳುವವರೆಗೆ ಕಾಯಿಸಿ, ಅದೇ ಹದದಲ್ಲಿ ಹದಿನೈದು ಇಪ್ಪತ್ತು ನಿಮಿಷ ಹಿಡಿದು, ಅಂಚುಗಳೂ ಕಾಯುವಂತೆ ಆಗಾಗ ಸರಿಸುತ್ತಿರಬೇಕು. ಕಿಟಕಿ ತೆರೆದಿರಲಿ. ಮನೆಯಲ್ಲಿ ಉಬ್ಬಸದವರಿದ್ದರೆ, ಕೈಗೂಸಿದ್ದರೆ, ಅವರು ಬೇರೆ ಕೋಣೆಯಲ್ಲಿರಲಿ. ಮೊದಲ ಸುತ್ತಿಗೆ ಬೂದುಬಣ್ಣ ಕಂದಾಗುತ್ತದೆ. ಎರಡು ಮೂರು ಸುತ್ತಿಗೆ ತಾಮ್ರದ ಛಾಯೆ, ಐದಾರಕ್ಕೆ ಕಪ್ಪು. ಒಂದೇ ದಿನ ಎಲ್ಲ ಸುತ್ತನ್ನೂ ಮುಗಿಸಬೇಕಾಗಿಲ್ಲ. ರಾತ್ರಿ ಅಡಿಗೆ ಮುಗಿದ ಮೇಲೆ ದಿನಕ್ಕೊಂದು ಸುತ್ತಿನಂತೆ ವಾರದಲ್ಲಿ ಮುಗಿಸಬಹುದು.

ಪಳಗಿದ ಮೇಲೆ

ನಮ್ಮ ಬೀದಿಯಲ್ಲಿ ಎಲ್ಲರೂ ದೊಡ್ಡಮ್ಮನೆಂದೇ ಕರೆಯುವ ಹಿರಿಯರೊಬ್ಬರಿದ್ದಾರೆ. ಹೊಸದಾಗಿ ಸಂಸಾರ ಹೂಡಿದ ಹುಡುಗಿಯೊಬ್ಬಳು ಆರು ಸುತ್ತು ಎಣ್ಣೆ ಹಿಡಿಸಿದ ಕಾವಲಿಯನ್ನು ಹೆಮ್ಮೆಯಿಂದ ಅವರಿಗೆ ತೋರಿಸಲು ತಂದಳು.

“ದೊಡ್ಡಮ್ಮ, ನಾಳೆ ದೋಸೆ ಹುಯ್ಯಲೇ?” ಎಂದಳು.

“ನಾಳೆ ಈರುಳ್ಳಿ ಹುರಿ, ಮಗು. ನಾಡಿದ್ದೂ ಈರುಳ್ಳಿ ಹುರಿ. ಮೂರನೆಯ ದಿನ ಅಕ್ಕಿರೊಟ್ಟಿ ತಟ್ಟು. ದೋಸೆಗೆ ಅವಸರವೇನು?”

“ಚಪಾತಿ ಮಾಡಬಹುದೇ?”

“ಚಪಾತಿ ಮಾಡಿದ ಕಾವಲಿಯಲ್ಲಿ ದೋಸೆ ಏಳುವುದನ್ನು ನಾನಂತೂ ಕಂಡಿಲ್ಲ. ಅದಕ್ಕೆ ಬೇರೆ ಕಾವಲಿ ಕೊಂಡುಕೋ.”

ದೊಡ್ಡಮ್ಮನ ಮಾತಿನಲ್ಲಿ ಶಾಸ್ತ್ರವಿದೆ. ಮೊದಲ ದಿನಗಳಲ್ಲಿ ಎಣ್ಣೆ ಧಾರಾಳವಾಗಿ ಬೀಳುವ, ಹುಳಿಯಿಲ್ಲದ ಅಡಿಗೆಯಿಂದ ಹೊದಿಕೆ ಬಲವಾಗುತ್ತದೆ. ದೋಸೆಯ ಹಿಟ್ಟು ನೀರೂ ಹುಳಿಯೂ ಆದುದರಿಂದ ಎಳೆಯ ಹೊದಿಕೆಗೆ ಕಠಿಣ ಪರೀಕ್ಷೆ. ಚಪಾತಿಯನ್ನು ಬೇಯಿಸುವುದು ಎಣ್ಣೆಯಿಲ್ಲದ ಒಣ ಶಾಖದಲ್ಲಿ. ಆ ಶಾಖಕ್ಕೆ ಹೊದಿಕೆ ಸುಡುತ್ತದೆ, ಉದುರಿದ ಗೋಧಿಯ ಹುಡಿ ಕರಿಕಾಗಿ ಹತ್ತಿಕೊಳ್ಳುತ್ತದೆ. ಅತ್ತೆಯಂದಿರು ದೋಸೆಯ ಕಾವಲಿಯನ್ನು ಬೇರೆಯವರಿಗೆ ಎರವಲು ಕೊಡದೆ ಬಚ್ಚಿಡುತ್ತಿದ್ದುದು ಬರಿಯ ಜಿಪುಣತನವಲ್ಲ.

ದೋಸೆ ಹುಯ್ಯುವ ಮುನ್ನ ಕಾವಲಿಯ ಮೇಲೆ ನೀರು ಚಿಮುಕಿಸುವ ಪದ್ಧತಿ ಎಲ್ಲರಿಗೂ ಗೊತ್ತು. ಹನಿ ಚುರ್ ಎಂದು ಆವಿಯಾದರೆ ಕಾವಲಿ ಹದವಾಗಿದೆ. ಹನಿ ಮುತ್ತಿನಂತೆ ಗುಂಡಗಾಗಿ ಓಡಾಡಿದರೆ ಶಾಖ 200 ಡಿಗ್ರಿಯ ಸಮೀಪಕ್ಕೋ ಅದಕ್ಕೂ ಮೇಲಕ್ಕೋ ಹೋಗಿದೆ ಎಂದರ್ಥ. ಹನಿಯ ಕೆಳಗೆ ಆವಿಯ ಹಾಸಿಗೆ ಹುಟ್ಟಿ ಅದನ್ನು ಎತ್ತಿ ಹಿಡಿಯುತ್ತದೆ. ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯನು 1756ರಲ್ಲಿ ಕಾದ ಕಬ್ಬಿಣದ ಚಮಚದಲ್ಲಿ ನೀರು ಹಾಕಿ ಇದನ್ನು ವಿವರಿಸಿ ಬರೆದು ಹೆಸರು ಪಡೆದನು. ನಮ್ಮ ಅಜ್ಜಿಯರು ಬರೆದಿಡಲಿಲ್ಲ, ಅಷ್ಟೆ. ಅಷ್ಟು ಕಾದ ಕಾವಲಿಯಲ್ಲಿ ಹಿಟ್ಟು ಹರಡದೆ ಸೌಟಿನೊಡನೆ ಎದ್ದುಬರುತ್ತದೆ. ಉರಿ ತಗ್ಗಿಸಿ, ಇನ್ನೊಂದಿಷ್ಟು ನೀರು ಚಿಮುಕಿಸಿ ಒರಸಬೇಕು. ಹೋಟೆಲಿನ ದೋಸೆ ಭಟ್ಟರು ಕಡ್ಡಿಪೊರಕೆಯಿಂದ ಕಾವಲಿಯನ್ನು ಗುಡಿಸುವುದು ಇದೇ ಲೆಕ್ಕದಲ್ಲಿ. ಅವರದು ಸಾಧಾರಣವಾಗಿ ಬೀಡಲ್ಲ, ದಪ್ಪ ಉಕ್ಕಿನ ಹಲಗೆ. ಆದರೆ ನಿಯಮ ಒಂದೇ. ಎಣ್ಣೆ ಸವರಲು ಅರ್ಧ ಹೆಚ್ಚಿದ ಈರುಳ್ಳಿ, ಬದನೆಕಾಯಿಯ ತೊಟ್ಟು, ಕರಾವಳಿಯವರಿಗಾದರೆ ಬಾಳೆಯೆಲೆಯ ದಂಟು. ಪ್ಲಾಸ್ಟಿಕ್ಕಿನ ಕುಂಚ ಬೇಡ, ಕರಗೀತು.

ರಕ್ತಹೀನತೆಯ ಮಾತು

ಬೀಡಿನ ಪಾತ್ರೆಯ ಮೇಲಿನ ಅಭಿಮಾನಕ್ಕೆ ದೋಸೆಯೊಂದೇ ಕಾರಣವಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುವವರು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರ ರಕ್ತದಲ್ಲಿಯೇ ಕಬ್ಬಿಣದ ಕೊರತೆಯೆಂಬುದು ನಾಚಿಕೆಯ ಸಂಗತಿ. ಬೀಡಿನ ಪಾತ್ರೆಯಿಂದ ಆಹಾರಕ್ಕೆ ಕಬ್ಬಿಣ ಇಳಿಯುವುದೆಂಬುದು ಬರಿಯ ನಂಬಿಕೆಯಲ್ಲ. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೀಡಿನ ಬಾಣಲೆಯಲ್ಲಿ ಬೇಯಿಸಿದ ಸೇಬಿನ ಗೊಜ್ಜಿನಲ್ಲಿ, ನೂರು ಗ್ರಾಮಿಗೆ 0.35 ಮಿಲಿಗ್ರಾಂ ಇದ್ದ ಕಬ್ಬಿಣ 7.38 ಮಿಲಿಗ್ರಾಂಗೆ ಏರಿತ್ತು. ಇಥಿಯೋಪಿಯದ ಮಕ್ಕಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಕಬ್ಬಿಣದ ಗಡಿಗೆಯಲ್ಲಿ ಬೇಯಿಸಿದ ಆಹಾರ ತಿಂದ ಮಕ್ಕಳ ರಕ್ತ ಅಲ್ಯೂಮಿನಿಯಂ ಪಾತ್ರೆಯ ಆಹಾರ ತಿಂದವರಿಗಿಂತ ಸುಧಾರಿಸಿತು.

ಆದರೆ ಇಲ್ಲೊಂದು ತೊಡಕುಂಟು. ಕಬ್ಬಿಣವನ್ನು ಇಳಿಸಿಕೊಡುವುದು ಹುಳಿ. ಎಣ್ಣೆಯ ಹೊದಿಕೆಯನ್ನು ಕೆಡಿಸುವುದೂ ಹುಳಿಯೇ. ಚೆನ್ನಾಗಿ ಪಳಗಿದ ದೋಸೆಯ ಕಾವಲಿಯಿಂದ ಬರುವ ಕಬ್ಬಿಣ ಅಲ್ಪ. ಆದುದರಿಂದ ಕಾವಲಿಯನ್ನು ದೋಸೆಗೇ ಮೀಸಲಿಟ್ಟು, ಪಲ್ಯ, ಗೊಜ್ಜು, ಸೊಪ್ಪುಗಳಿಗೆ ಬೇರೊಂದು ಬೀಡಿನ ಬಾಣಲೆಯನ್ನು ಇಟ್ಟುಕೊಳ್ಳುವುದು ವಿವೇಕ. ಬಾಣಲೆಯ ಹೊದಿಕೆ ಸ್ವಲ್ಪ ಸವೆದರೆ ನಷ್ಟವಿಲ್ಲ. ಮತ್ತೆ ಎಣ್ಣೆ ಹಿಡಿಸಿದರಾಯಿತು. ಗೊಜ್ಜನ್ನು ಮಾತ್ರ ಅದರಲ್ಲೇ ಬಿಡದೆ, ಬೆಂದೊಡನೆ ಬೇರೆ ಪಾತ್ರೆಗೆ ಬಗ್ಗಿಸಬೇಕು; ಇಲ್ಲವಾದರೆ ಕಪ್ಪಾಗಿ ಕಬ್ಬಿಣದ ಒಗರು ಬರುತ್ತದೆ. ಬಾಣಲೆ ಔಷಧಿಗೆ ಬದಲಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಬಾರದು. ಪದೇ ಪದೇ ರಕ್ತ ಕೊಡಿಸಿಕೊಳ್ಳುವ ಥಲಸೀಮಿಯಾದಂಥ ರೋಗವಿದ್ದವರ ಮೈಯಲ್ಲಿ ಕಬ್ಬಿಣ ಮೊದಲೇ ಅತಿಯಾಗಿರುವುದರಿಂದ ಅವರು ವೈದ್ಯರನ್ನು ಕೇಳದೆ ಇಂಥ ಪಾತ್ರೆಯ ಅಡಿಗೆಯನ್ನು ಉಣ್ಣಕೂಡದು.

ನಿತ್ಯದ ಆರೈಕೆ

ದೋಸೆ ಮುಗಿದ ಮೇಲೆ ಕಾವಲಿ ಉಗುರುಬೆಚ್ಚಗಿರುವಾಗಲೇ ಬಟ್ಟೆಯಿಂದ ಒರಸಿಟ್ಟರೆ ಸಾಕು. ಜಿಡ್ಡು ಹೆಚ್ಚಾಗಿದ್ದರೆ ನೀರು ಹಾಕಿ ತೆಂಗಿನ ನಾರಿನಿಂದ ಮೆಲ್ಲನೆ ಉಜ್ಜಬಹುದು. ಸಾಬೂನು ತಗುಲಿದರೆ ಕಾವಲಿ ಕೆಟ್ಟೇ ಹೋಯಿತೆಂಬುದು ಹಳೆಯ ಕಾಲದ ತೀಕ್ಷ್ಣ ಕ್ಷಾರದ ಸಾಬೂನಿಗೆ ಒಪ್ಪುವ ಮಾತು. ಇಂದಿನ ಮೃದುವಾದ ದ್ರವಸಾಬೂನಿನ ಒಂದು ಹನಿಗೆ ಗಟ್ಟಿಯಾದ ಹೊದಿಕೆ ಜಗ್ಗುವುದಿಲ್ಲ. ಬೂದಿ, ಉಕ್ಕಿನ ತಂತಿಯ ಉಂಡೆ, ಮತ್ತು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕುವುದು, ಈ ಮೂರನ್ನು ಮಾತ್ರ ಹತ್ತಿರ ಬಿಡಬಾರದು. ಮನೆಗೆಲಸಕ್ಕೆ ಬರುವಾಕೆಗೆ ಇದನ್ನು ಮೊದಲ ದಿನವೇ ಹೇಳಿಡುವುದು ಅವಶ್ಯ. ಪಾತ್ರೆಯೆಂದರೆ ಬೆಳ್ಳಗೆ ಬೆಳಗಬೇಕೆಂಬ ನಿಷ್ಠೆ ಆಕೆಯದು. ಒಂದು ವಾರದ ಎಣ್ಣೆಯ ಸುತ್ತನ್ನು ಆಕೆ ಒಂದೇ ಮಧ್ಯಾಹ್ನ ಶ್ರದ್ಧೆಯಿಂದ ತೆಗೆದುಹಾಕಬಲ್ಲಳು. ಕಾವಲಿಯನ್ನು ತೊಳೆಯುವ ರಾಶಿಗೆ ಸೇರಿಸದೆ ಒಲೆಯ ಮೇಲೆಯೇ ಬಿಡುವುದು ಇದಕ್ಕೆ ಸುಲಭದ ದಾರಿ.

ಮಳೆಗಾಲದಲ್ಲಿ, ಅದರಲ್ಲಿಯೂ ಮಲೆನಾಡು ಕರಾವಳಿಗಳಲ್ಲಿ, ಒರಸಿದ ಮೇಲೆ ಒಮ್ಮೆ ಬಿಸಿ ಮಾಡಿ ತೇವ ಕಳೆದು, ತೆಳುವಾಗಿ ಎಣ್ಣೆ ಸವರಿಡಬೇಕು. ಊರಿಗೆ ಹೊರಡುವವರು ಒಂದೆರಡು ತಿಂಗಳಿಗೆ ಎತ್ತಿಡುವುದಾದರೆ ಹರಳೆಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿಡಬಹುದು. ಗಾಜಿನ ಮೇಲ್ಮೈಯ ವಿದ್ಯುತ್ ಒಲೆಯುಳ್ಳವರು ಕಾವಲಿಯನ್ನು ಎಳೆಯದೆ ಎತ್ತಿ ಇಡಬೇಕು; ಇಂಡಕ್ಷನ್ ಒಲೆಯಲ್ಲಿ ಬೀಡು ಚೆನ್ನಾಗಿಯೇ ಕಾಯುತ್ತದೆ, ಆದರೆ ಮೊದಲೇ ಪೂರ್ತಿ ಶಕ್ತಿ ಕೊಡದೆ ಕ್ರಮಕ್ರಮವಾಗಿ ಏರಿಸಬೇಕು.

ಕಾವಲಿ ಪಳಗಿತೋ ಇಲ್ಲವೋ ಎಂಬುದನ್ನು ಖಚಿತವಾಗಿ ತಿಳಿಯಬೇಕೆಂದರೆ ಉದ್ದಿನ ದೋಸೆಯನ್ನು ನೆಚ್ಚಬೇಡಿ. ಉದ್ದು ಬಹಳ ತಪ್ಪುಗಳನ್ನು ಮುಚ್ಚುತ್ತದೆ. ಕರಾವಳಿಯ ನೀರುದೋಸೆಯೇ ಸರಿಯಾದ ಪರೀಕ್ಷೆ. ಬರಿಯ ಅಕ್ಕಿ, ಮಜ್ಜಿಗೆಯಂಥ ತೆಳು ಹಿಟ್ಟು. ಚೆನ್ನಾಗಿ ಕಾದ ಕಾವಲಿಯ ಮೇಲೆ ಅಂಚಿನಿಂದ ಒಳಕ್ಕೆ ಅದನ್ನು ಎರಚಿ ಮುಚ್ಚಳ ಮುಚ್ಚಿ, ಒಂದು ನಿಮಿಷದ ಮೇಲೆ ತೆರೆದು ನೋಡಿ. ಅಂಚು ತಾನಾಗಿಯೇ ಸುತ್ತಲೂ ಬಿಟ್ಟುಕೊಂಡು ಎದ್ದಿದ್ದರೆ ಇನ್ನು ಭಯವಿಲ್ಲ. ಎಲ್ಲಿಯಾದರೂ ಕಚ್ಚಿದ್ದರೆ, ಆ ಜಾಗವನ್ನು ನೆನಪಿಟ್ಟುಕೊಂಡು, ಇಂದು ರಾತ್ರಿ ಅಡಿಗೆ ಮುಗಿದ ಮೇಲೆ ಇನ್ನೊಂದು ಸುತ್ತು ಎಣ್ಣೆ ಹಿಡಿಸಿ.